ಗೆರೆ ಕಾಗದದಲ್ಲಿ, ಬಣ್ಣ ಪರದೆಯಲ್ಲಿ: ನಾನು ಕೆಲಸ ಮಾಡುವ ರೀತಿ ಇದು, ನಿಮ್ಮದನ್ನೂ ಹೇಳಿ

ಮಸಿಕುಡಿಕೆ:

ಕೈಯಲ್ಲಿ ಬಿಡಿಸಬೇಕೋ, ಡಿಜಿಟಲ್ ಆಗಿ ಬಿಡಿಸಬೇಕೋ ಅನ್ನುವ ಪ್ರಶ್ನೆ ಇಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಗೆರೆಯನ್ನು ಪೂರ್ತಿ ಕಾಗದದ ಮೇಲೆ ಎಳೆಯುತ್ತೇನೆ, ಬಣ್ಣವನ್ನು ಪೂರ್ತಿ ಕಂಪ್ಯೂಟರಿನಲ್ಲಿ ಹಾಕುತ್ತೇನೆ. ಯಾಕೆ ಹೀಗೆ ಪಾಲು ಮಾಡಿಕೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ.

ಮಸಿಯಲ್ಲಿ ಎಳೆದ ಗೆರೆಯನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಹಾಗಾಗಿ ನಿಬ್ ತಾಗಿಸುವ ಮುಂಚೆ ಕೈ ಸ್ವಲ್ಪ ತಡೆಯುತ್ತದೆ. ಎಲ್ಲಿಂದ ಎಲ್ಲಿಗೆ ಅಂತ ತೀರ್ಮಾನ ಆದ ಮೇಲೆ ಒಂದೇ ಉಸಿರಿಗೆ ಎಳೆಯುತ್ತದೆ. ಆ ತೀರ್ಮಾನ ಗೆರೆಯಲ್ಲಿ ಕಾಣುತ್ತದೆ. ಪರದೆಯಲ್ಲಿ ಅನ್‌ಡೂ ಇದೆ. ಒಂದೇ ಗೆರೆಯನ್ನು ಅಳಿಸಿ ಎಳೆದು, ಅಳಿಸಿ ಎಳೆದು ಹೋದರೆ ಕೊನೆಗೆ ಉಳಿಯುವುದು ತಪ್ಪಿಲ್ಲದ ಗೆರೆ. ಅದರಲ್ಲಿ ಕಸುವು ಕಡಿಮೆ. ಬಣ್ಣದ ವಿಷಯ ಉಲ್ಟಾ. ಬಣ್ಣ ಹಾಕಿ ನೋಡಿಯೇ ಗೊತ್ತಾಗಬೇಕು. ಆಕಾಶ ನೀಲಿ ಇದ್ದರೆ ಚೆನ್ನವೋ, ಮಾಸಲು ಹಳದಿ ಇದ್ದರೆ ಚೆನ್ನವೋ ಅಂತ ಪಕ್ಕಪಕ್ಕದಲ್ಲಿ ಇಟ್ಟು ನೋಡಲು ಲೇಯರ್‌ಗಳಿಗಿಂತ (ಪರದೆಯಲ್ಲಿ ಒಂದರ ಮೇಲೊಂದು ಇಡುವ ಚಿತ್ರದ ಪದರಗಳು) ಒಳ್ಳೆಯ ಜಾಗ ಇಲ್ಲ.

ಇನ್ನು ಕೆಲಸದ ರೀತಿ. ರಫ್ ಸ್ಕೆಚ್‌ಗೆ ತಿಳಿ ನೀಲಿ ಪೆನ್ಸಿಲ್. ಅದರ ಮೇಲೆ ನೀರಿಗೆ ಕರಗದ ಕಪ್ಪು ಮಸಿಯಲ್ಲಿ ನಿಬ್ ಅಥವಾ ಬ್ರಷ್. ಮಸಿ ಪೂರ್ತಿ ಒಣಗಿದ ಮೇಲೆ ಬಣ್ಣದ ಮೋಡ್‌ನಲ್ಲೇ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್. ಜೆಪೆಗ್ ಫೈಲ್ ಬೇಡ, ಟಿಫ್ ಫೈಲ್ ಇಟ್ಟುಕೊಳ್ಳಿ. ಜೆಪೆಗ್‌ನಲ್ಲಿ ಕಪ್ಪು ಗೆರೆಯ ಸುತ್ತ ಸಣ್ಣ ಸಣ್ಣ ಕೊಳೆ ಸೇರಿಕೊಳ್ಳುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ನೀಲಿ ಪೆನ್ಸಿಲ್ ಯಾಕೆ ಅಂದರೆ, ಅದನ್ನು ಉಜ್ಜಿ ಅಳಿಸಬೇಕಾಗಿಲ್ಲ. ಮಸಿಯ ಮೇಲೆ ರಬ್ಬರ್ ಆಡಿಸಿದರೆ ಮಸಿಯೂ ಸ್ವಲ್ಪ ಮಾಸುತ್ತದೆ, ಅಲ್ವಾ? ಹಿಂದೆ ಮುದ್ರಣಕ್ಕೆ ಪುಟಗಳನ್ನು ಕ್ಯಾಮೆರಾದಲ್ಲಿ ತೆಗೆಯುತ್ತಿದ್ದಾಗ ಬಳಸುತ್ತಿದ್ದ ಫಿಲ್ಮ್‌ನಲ್ಲಿ ತಿಳಿ ನೀಲಿಯೂ ಬಿಳಿ ಕಾಗದವೂ ಒಂದೇ ಥರ ಬೀಳುತ್ತಿದ್ದವು. ಅದಕ್ಕೇ ಚಿತ್ರಗಾರರು ನೀಲಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಈಗಲೂ ಅದೇ ಉಪಾಯ ನಡೆಯುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರುತ್ತವೆ. ನೀಲಿ ಚಾನೆಲ್ ಒಂದನ್ನೇ ತೆರೆದು ನೋಡಿ, ಪೆನ್ಸಿಲ್ ಗೆರೆ ಬಹುಪಾಲು ಕಾಗದದಲ್ಲಿ ಸೇರಿಹೋಗಿರುತ್ತದೆ, ಮಸಿ ಮಾತ್ರ ಉಳಿದಿರುತ್ತದೆ. ಕೆಂಪು ಚಾನೆಲ್‌ನಲ್ಲಿ ನೋಡಿದರೆ ಅದೇ ಪೆನ್ಸಿಲ್ ಗೆರೆ ಕಪ್ಪಗೆ ಎದ್ದು ಕಾಣುತ್ತದೆ. ಚಾನೆಲ್ ಆರಿಸುವಾಗ ಅದು ನೆನಪಿರಲಿ.

ಆಮೇಲೆ ಲೆವೆಲ್ಸ್, ಅಂದರೆ ಯಾವುದು ಅಚ್ಚ ಕಪ್ಪು, ಯಾವುದು ಅಚ್ಚ ಬಿಳಿ ಅಂತ ಸ್ಲೈಡರ್‌ನಲ್ಲಿ ಹೊಂದಿಸುವುದು. ಇದರ ಬಗ್ಗೆ ನನಗೆ ಹೇಳಲಿಕ್ಕೆ ಜಾಸ್ತಿ ಇದೆ, ಯಾಕೆಂದರೆ ಒಳ್ಳೆಯ ಗೆರೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕಾಗದ ಅಚ್ಚ ಬಿಳಿ ಆಗಲಿ ಅಂತ ಬಿಳಿಯ ಸ್ಲೈಡರನ್ನು ಒಳಗೆ ಎಳೆಯುತ್ತಾ ಹೋಗುತ್ತೇವೆ. ಪುಟ ಸ್ವಚ್ಛ ಆಗುತ್ತದೆ. ಆದರೆ ಅದರ ಜೊತೆಗೆ ಗೆರೆಯ ತುದಿಗಳೂ ಹೋಗುತ್ತವೆ. ನಿಬ್ ಕಾಗದ ಬಿಟ್ಟು ಮೇಲೇಳುವ ಜಾಗದಲ್ಲಿ ಗೆರೆ ಕಪ್ಪಗಿರುವುದಿಲ್ಲ, ತೆಳು ಬೂದು ಬಣ್ಣದಲ್ಲಿ ಸಣ್ಣಗಾಗುತ್ತಾ ಮುಗಿಯುತ್ತದೆ. ಒಣ ಬ್ರಷ್ ಕಾಗದದ ತರಿಗಳ ಮೇಲೆ ಉಜ್ಜಿಕೊಂಡು ಹೋದ ಗುರುತೂ ಹಾಗೇ ಬೂದು. ಅದು ಹೋದರೆ ಎಲ್ಲ ಗೆರೆಗಳೂ ಕತ್ತರಿಸಿಟ್ಟ ಹಾಗೆ ಮೊಂಡಾಗಿ ಕಾಣುತ್ತವೆ. ನಾನು ಮಾಡುವುದು ಇಷ್ಟು: ಅತಿ ತೆಳುವಾದ ಒಂದು ಗೆರೆಯ ತುದಿಯನ್ನು ಪೂರ್ತಿ ಝೂಮ್ ಮಾಡಿ ಇಟ್ಟುಕೊಂಡು, ಅದನ್ನೇ ನೋಡುತ್ತಾ ಸ್ಲೈಡರ್ ಸರಿಸುತ್ತೇನೆ. ತುದಿ ಕರಗಲು ಶುರುವಾದ ಕೂಡಲೇ ಅಲ್ಲಿಗೆ ನಿಲ್ಲಿಸಿ ಸ್ವಲ್ಪ ಹಿಂದೆ ಬರುತ್ತೇನೆ. ಕಾಗದದಲ್ಲಿ ಕೊಂಚ ಕಲೆ ಉಳಿದರೆ ಉಳಿಯಲಿ, ಅದನ್ನು ಆಮೇಲೆ ಕೈಯಲ್ಲಿ ಒರೆಸಬಹುದು.

ಕೊನೆಗೆ ಗೆರೆಯ ಲೇಯರನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿ ಅದರ ಕೆಳಗೆ ಬಣ್ಣ. ಮಲ್ಟಿಪ್ಲೈನಲ್ಲಿ ಬಿಳಿ ಮಾಯವಾಗುತ್ತದೆ, ಕಪ್ಪು ಕಪ್ಪಾಗಿಯೇ ನಿಲ್ಲುತ್ತದೆ, ನಡುವಿನ ಬೂದು ಬಣ್ಣಗಳು ಕೆಳಗಿನ ಬಣ್ಣದೊಂದಿಗೆ ಬೆರೆಯುತ್ತವೆ.

ನೀವೆಲ್ಲ ಹೇಗೆ ಮಾಡುತ್ತೀರಿ?


ಹೊಸಕೈ:

ತುಂಬಾ ಉಪಯೋಗ ಆಯಿತು. ನನ್ನವು ಎರಡು ಪ್ರಶ್ನೆ. ಒಂದು, 600 ಡಿಪಿಐ ಬೇಕೇ ಬೇಕಾ? 300 ಸಾಕು ಅಂತ ಎಲ್ಲ ಕಡೆ ಓದಿದ್ದೇನೆ, 600ಕ್ಕೆ ಇಟ್ಟರೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಎರಡು, ನನ್ನ ಹತ್ತಿರ ಸ್ಕ್ಯಾನರ್ ಇಲ್ಲ, ಫೋನ್ ಮಾತ್ರ. ಫೋಟೋ ತೆಗೆದರೆ ಪುಟದ ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೆ ಮಬ್ಬು. ಲೆವೆಲ್ಸ್ ಹಾಕಿದರೆ ಒಂದು ಕಡೆ ಸರಿಹೋಗುತ್ತದೆ, ಇನ್ನೊಂದು ಕಡೆ ಕಪ್ಪಾಗುತ್ತದೆ.


ಮಸಿಕುಡಿಕೆ:

ಲೆಕ್ಕ ಹೀಗಿದೆ. ಎ4 ಹಾಳೆ 300 ಡಿಪಿಐನಲ್ಲಿ 2480×3508 ಪಿಕ್ಸೆಲ್, ಅಂದರೆ ಸುಮಾರು 87 ಲಕ್ಷ. 600ರಲ್ಲಿ 4960×7016, ಸುಮಾರು 3 ಕೋಟಿ 48 ಲಕ್ಷ. ನಾಲ್ಕು ಪಟ್ಟು. ಕಂಪ್ಯೂಟರ್ ಏದುಸಿರು ಬಿಡುವುದು ಸಹಜವೇ.

300 ಸಾಕು ಅನ್ನುವುದು ಬಣ್ಣದ ಚಿತ್ರಕ್ಕೆ, ಅದೂ ಮೂಲದ ಅಳತೆಯಲ್ಲೇ ಮುದ್ರಿಸುವಾಗ. ಕಪ್ಪು ಗೆರೆಯ ಅಂಚು ತುಂಬಾ ಚೂಪು. ಪಿಕ್ಸೆಲ್ ಕಡಿಮೆ ಆದರೆ ಆ ಅಂಚಿನಲ್ಲಿ ಮೆಟ್ಟಿಲು ಕಾಣುತ್ತದೆ. ಅದಕ್ಕೇ ಗೆರೆ ಚಿತ್ರಕ್ಕೆ 600. 600ಕ್ಕೆ ಸ್ಕ್ಯಾನ್ ಮಾಡಿ, ಗೆರೆಯನ್ನು ಶುಚಿ ಮಾಡಿ, ಆ ಫೈಲನ್ನು ತೆಗೆದಿಟ್ಟು, ಬಣ್ಣ ಹಾಕಲು ಅದರ ಅರ್ಧ ಅಳತೆಯ ಪ್ರತಿ ಮಾಡಿಕೊಳ್ಳಿ. ಮುಗಿದ ಮೇಲೆ ಬಣ್ಣವನ್ನು ದೊಡ್ಡದು ಮಾಡಿ ಮೂಲ ಗೆರೆಯ ಕೆಳಗೆ ಇಡಬಹುದು. ಗೆರೆಗೆ ಬೇಕಾದಷ್ಟು ಪಿಕ್ಸೆಲ್ ಬಣ್ಣಕ್ಕೆ ಬೇಡ.

ಫೋನ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿದ್ದಾರೆ. ಕಿಟಕಿಬೆಳಕು ಅವರೇ, ಹೇಳುತ್ತೀರಾ?


ಕಿಟಕಿಬೆಳಕು:

ಖಂಡಿತ. ಹೊಸಕೈ ಅವರೇ, ಫೋನಿನಲ್ಲಿ ಚೆನ್ನಾಗಿಯೇ ಆಗುತ್ತದೆ, ಬೇಜಾರು ಬೇಡ.

ಮೊದಲನೆಯದಾಗಿ, ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳನ್ನು ಚಿತ್ರಕ್ಕೆ ಬಳಸಬೇಡಿ. ಅವು ಅಕ್ಷರ ಓದಲಿಕ್ಕೆ ಮಾಡಿದವು. ಬೂದು ಬಣ್ಣವನ್ನೆಲ್ಲ ಒತ್ತಿ ಕಪ್ಪು ಇಲ್ಲವೇ ಬಿಳಿ ಮಾಡಿಬಿಡುತ್ತವೆ. ಮೇಲೆ ಹೇಳಿದ ಗೆರೆಯ ತುದಿಗಳು ಅಲ್ಲಿಯೇ ಮಾಯ. ಮಾಮೂಲಿ ಕ್ಯಾಮೆರಾ ಸಾಕು.

ಹಗಲು ಬೆಳಕು ಬೇಕು, ಬಿಸಿಲು ನೇರ ಬೀಳಬಾರದು. ನಿಮ್ಮ ನೆರಳೂ ಬೀಳಬಾರದು. ಹಾಳೆಯನ್ನು ಚಪ್ಪಟೆಯಾಗಿ ಟೇಪ್ ಹಾಕಿ ಕೂರಿಸಿ. ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿಯಿರಿ. ಹತ್ತಿರ ಹೋಗಿ ತೆಗೆಯುವುದಕ್ಕಿಂತ ಸ್ವಲ್ಪ ದೂರ ನಿಂತು, ಝೂಮ್ ಲೆನ್ಸ್ ಇದ್ದರೆ ಅದರಲ್ಲಿ ತೆಗೆಯಿರಿ. ತೀರಾ ಹತ್ತಿರದಿಂದ ತೆಗೆದರೆ ಅಂಚಿನ ನೇರ ಗೆರೆಗಳು ಬಾಗುತ್ತವೆ.

ನಿಮ್ಮ ಮೂಲೆ ಮಬ್ಬಿನ ಸಮಸ್ಯೆಗೆ ಒಂದು ಒಳ್ಳೆಯ ಉಪಾಯ ಇದೆ. ಚಿತ್ರದ ಫೋಟೋ ತೆಗೆದ ಕೂಡಲೇ, ಫೋನನ್ನು ಕದಲಿಸದೆ, ಅದೇ ಜಾಗದಲ್ಲಿ ಅದೇ ಕಾಗದದ ಖಾಲಿ ಹಾಳೆ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಲಾಕ್ ಆಗಿರಬೇಕು, ಇಲ್ಲದಿದ್ದರೆ ಎರಡನೆಯದು ಬೇರೆ ಬೆಳಕಿನಲ್ಲಿ ಬರುತ್ತದೆ. ಈಗ ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಖಾಲಿ ಹಾಳೆಯ ಫೋಟೋ ಇಟ್ಟು, ಅದನ್ನು ಕೊಂಚ ಬ್ಲರ್ ಮಾಡಿ, ಬ್ಲೆಂಡ್ ಮೋಡ್ (ಮೇಲಿನ ಲೇಯರ್ ಕೆಳಗಿನದರೊಂದಿಗೆ ಸೇರುವ ರೀತಿ) ಡಿವೈಡ್ ಅಂತ ಬದಲಿಸಿ. ಫೋಟೋಶಾಪ್, ಕ್ರಿಟಾ, ಜಿಂಪ್ ಈ ಮೂರು ಚಿತ್ರ ತಂತ್ರಾಂಶಗಳಲ್ಲೂ ಡಿವೈಡ್ ಇದೆ. ಖಾಲಿ ಹಾಳೆಯಲ್ಲಿ ಎಲ್ಲಿ ಎಷ್ಟು ಮಬ್ಬೋ ಅಷ್ಟನ್ನೇ ಅದು ಚಿತ್ರದಲ್ಲಿ ಬೆಳಗಿಸುತ್ತದೆ. ಇಡೀ ಪುಟ ಒಂದೇ ಸಮ ಬಿಳಿ ಆಗುತ್ತದೆ. ಆಮೇಲೆ ಲೆವೆಲ್ಸ್‌ಗೆ ಕೆಲಸವೇ ಕಡಿಮೆ.


ಸೀಸದಕಡ್ಡಿ:

ನಾನು ಮಸಿ ಮುಟ್ಟುವುದಿಲ್ಲ, ಪೆನ್ಸಿಲ್ ಗೆರೆಯನ್ನೇ ಕೊನೆಯ ಗೆರೆಯಾಗಿ ಇಟ್ಟುಕೊಳ್ಳುವವರ ಪರವಾಗಿ ನಾಲ್ಕು ಮಾತು.

ಪೆನ್ಸಿಲ್‌ಗೆ ಮಸಿಯ ಲೆವೆಲ್ಸ್ ನಡೆಯುವುದಿಲ್ಲ. ಮಸಿ ಚಿತ್ರದಲ್ಲಿ ಕಪ್ಪು ಒಂದು ಗುಂಪು, ಕಾಗದ ಇನ್ನೊಂದು ಗುಂಪು, ನಡುವೆ ಸ್ವಲ್ಪವೇ ಬೂದು. ಪೆನ್ಸಿಲ್‌ನಲ್ಲಿ ಇರುವುದೆಲ್ಲ ಬೂದುವೇ. ಜೊತೆಗೆ ಗ್ರಾಫೈಟ್ ಹೊಳೆಯುತ್ತದೆ. ಮೆತ್ತನೆಯ 6ಬಿ ಪೆನ್ಸಿಲ್‌ನಲ್ಲಿ ಒತ್ತಿ ತುಂಬಿದ ಜಾಗ ಕಣ್ಣಿಗೆ ಕಪ್ಪು, ಸ್ಕ್ಯಾನರ್ ಬೆಳಕಿಗೆ ಬೆಳ್ಳಿ ಬೂದು. ಹಾಗಾಗಿ ಕಪ್ಪನ್ನು ಕಾಗದದಲ್ಲೇ ತರಬೇಕು ಅಂತ ಒತ್ತಬೇಡಿ. ಎಚ್‌ಬಿ, 2ಬಿಯಲ್ಲಿ ಮಿತವಾಗಿ ಬಿಡಿಸಿ, ಆಳವಾದ ನೆರಳನ್ನು ಪರದೆಯಲ್ಲಿ ಒಂದು ಮಲ್ಟಿಪ್ಲೈ ಲೇಯರ್‌ನಲ್ಲಿ ಕೊಡಿ.

ಕರ್ವ್ಸ್ (ಬೆಳಕು-ಕತ್ತಲನ್ನು ಒಂದು ಬಾಗುಗೆರೆಯಲ್ಲಿ ಹೊಂದಿಸುವ ಸಾಧನ) ಬಳಸಿ, ಅದೂ ಕಡಿಮೆ. ಕಾಗದದ ತರಿ ಪೂರ್ತಿ ಹೋಗಬೇಕಾಗಿಲ್ಲ. ಪೆನ್ಸಿಲ್ ಗೆರೆ ಅಂದರೇ ಕಾಗದದ ತರಿಗಳ ಮೇಲೆ ಕೂತ ಪುಡಿ. ತರಿ ತೆಗೆದರೆ ಗೆರೆಯ ಒಳಗೂ ತೂತು ಬೀಳುತ್ತದೆ.

ನನಗೆ ತುಂಬಾ ಇಷ್ಟವಾದ ಹಂತ ಗೆರೆಗೆ ಬಣ್ಣ ಕೊಡುವುದು. ಕ್ರಿಟಾ ಮತ್ತು ಜಿಂಪ್‌ನಲ್ಲಿ ಬಣ್ಣವನ್ನು ಪಾರದರ್ಶಕ ಮಾಡುವ ಫಿಲ್ಟರ್ ಇದೆ, ಬಿಳಿಯನ್ನು ಆರಿಸಿದರೆ ಕಾಗದ ಹೋಗಿ ಗೆರೆ ಮಾತ್ರ ಉಳಿಯುತ್ತದೆ. ಬೂದು ಬಣ್ಣಗಳು ಅರ್ಧ ಪಾರದರ್ಶಕ ಆಗುತ್ತವೆ. ಕ್ಲಿಪ್ ಸ್ಟುಡಿಯೊದಲ್ಲಿ ಬೆಳಕಿನ ಪ್ರಮಾಣವನ್ನು ಪಾರದರ್ಶಕತೆಯಾಗಿ ಬದಲಿಸುವ ಆಯ್ಕೆ ಇದೆ. ಫೋಟೋಶಾಪ್‌ನಲ್ಲಿ ಚಾನೆಲ್ ಪಟ್ಟಿಯಲ್ಲಿ ಕಂಟ್ರೋಲ್ ಒತ್ತಿ ಆರ್‌ಜಿಬಿ ಮೇಲೆ ಕ್ಲಿಕ್ ಮಾಡಿ, ಸೆಲೆಕ್ಷನ್ ತಿರುವುಮುರುವು ಮಾಡಿ, ಹೊಸ ಲೇಯರ್‌ನಲ್ಲಿ ಬಣ್ಣ ತುಂಬಿದರೆ ಅದೇ ಫಲ. ಆಮೇಲೆ ಪಾರದರ್ಶಕತೆ ಲಾಕ್ ಮಾಡಿ ಗೆರೆಯ ಮೇಲೆಯೇ ಬಣ್ಣ ಹಚ್ಚಬಹುದು. ಮುಖದ ಗೆರೆಗೆ ಕೆಂಪು ಮಿಶ್ರಿತ ಕಂದು, ದೂರದ ಬೆಟ್ಟದ ಗೆರೆಗೆ ತಿಳಿ ನೀಲಿ. ದೂರ ಇರುವುದು ತಾನಾಗಿಯೇ ಹಿಂದೆ ಸರಿಯುತ್ತದೆ.

ಸ್ಕ್ಯಾನರ್ ಗಾಜಿಗೆ ಪುಡಿ ಅಂಟಿ ಮುಂದಿನ ಪುಟಕ್ಕೆಲ್ಲ ಕಲೆ ಬರುತ್ತದೆ. ಮೊದಲೇ ಫಿಕ್ಸೆಟಿವ್ (ಪುಡಿ ಉದುರದ ಹಾಗೆ ಹಿಡಿಯುವ ಸ್ಪ್ರೇ) ಹೊಡೆಯಿರಿ, ಪ್ರತಿ ಸಲ ಗಾಜು ಒರೆಸಿ.


ನೀರುಬಣ್ಣ:

ಮಸಿಕುಡಿಕೆ ಅವರೇ, ನಿಮ್ಮ ಗೆರೆಯ ಮಾತು ಒಪ್ಪುತ್ತೇನೆ. ಬಣ್ಣದ ಮಾತು ಒಪ್ಪಲು ಆಗುತ್ತಿಲ್ಲ.

ಬಣ್ಣ ಅಂದರೆ ಬರೀ ಯಾವ ಬಣ್ಣ ಅನ್ನುವ ಆಯ್ಕೆ ಅಲ್ಲ. ಅಲ್ಟ್ರಾಮರೀನ್ ನೀಲಿಯನ್ನು ಒದ್ದೆ ಕಾಗದಕ್ಕೆ ಬಿಟ್ಟು ನೋಡಿ. ನೀರು ಒಣಗುತ್ತಾ ಹೋದ ಹಾಗೆ ಅದರ ಕಣಗಳು ಕಾಗದದ ಗುಳಿಗಳಲ್ಲಿ ಕೂರುತ್ತವೆ, ವಾಶ್ (ನೀರು ಬೆರೆಸಿ ಹಾಕಿದ ತೆಳು ಬಣ್ಣದ ಪದರ) ಪೂರ್ತಿ ನವಿರಾದ ಚುಕ್ಕಿಗಳು ಮೂಡುತ್ತವೆ. ಒಂದು ವಾಶ್ ಅರ್ಧ ಒಣಗಿದಾಗ ಇನ್ನೊಂದು ಹನಿ ಬಿದ್ದರೆ ಅಂಚು ಹೂವಿನ ಹಾಗೆ ಅರಳುತ್ತದೆ. ನೀವು ಗೆರೆಯ ಬಗ್ಗೆ ಹೇಳಿದ್ದೂ ಇದನ್ನೇ ಅಲ್ವಾ? ವಾಪಸ್ ತೆಗೆಯಲಾಗದ್ದು, ಕೈಮೀರಿ ಆದದ್ದು ಚಿತ್ರಕ್ಕೆ ಕಸುವು ಕೊಡುತ್ತದೆ ಅಂತ. ಅದು ಬಣ್ಣಕ್ಕೂ ನಿಜ.

ನನ್ನ ವಿಧಾನ ಬೇರೆ. ಗೆರೆ ಒಂದು ಹಾಳೆಯಲ್ಲಿ. ಅದನ್ನು ಲೈಟ್‌ಬಾಕ್ಸ್ ಮೇಲೆ ಇಟ್ಟು, ಅದರ ಮೇಲೆ ವಾಟರ್‌ಕಲರ್ ಹಾಳೆ. ಕೆಳಗಿನ ಗೆರೆ ನೋಡಿಕೊಂಡು ಮೇಲಿನ ಹಾಳೆಯಲ್ಲಿ ವಾಶ್ ಮಾತ್ರ ಹಾಕುತ್ತೇನೆ, ಗೆರೆ ಎಳೆಯುವುದಿಲ್ಲ. ಆಕಾಶಕ್ಕೆ ಒಂದು ಹಾಳೆ, ನೆಲಕ್ಕೆ ಒಂದು, ನೆರಳಿಗೆ ಬರೀ ಬೂದು ವಾಶ್‌ನ ಇನ್ನೊಂದು. ನಾಲ್ಕು ಮೂಲೆಯಲ್ಲೂ ಚಿಕ್ಕ ಕೂಡು ಗುರುತು ಹಾಕಿಕೊಂಡರೆ ಸ್ಕ್ಯಾನ್ ಆದ ಮೇಲೆ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಎಲ್ಲ ಮಲ್ಟಿಪ್ಲೈ. ಆಕಾಶ ತೀರಾ ಗಾಢ ಅನಿಸಿದರೆ ಆ ಲೇಯರ್ ಒಂದನ್ನೇ ಇಳಿಸುತ್ತೇನೆ. ನೀವು ಹೇಳುವ ಪ್ರಯತ್ನದ ಸ್ವಾತಂತ್ರ್ಯ ನನಗೂ ಸಿಗುತ್ತದೆ, ವಾಶ್‌ನ ಸ್ವಭಾವವೂ ಉಳಿಯುತ್ತದೆ. ಕಾಗದದ ಬಿಳಿ ಮಾತ್ರ ಪ್ರತಿ ಹಾಳೆಯಲ್ಲೂ ಅಚ್ಚ ಬಿಳಿ ಆಗಿರಬೇಕು. ಇಲ್ಲದಿದ್ದರೆ ಮೂರು ಹಾಳೆಯ ಮಾಸಲು ಸೇರಿ ಇಡೀ ಚಿತ್ರ ಕೊಳೆಯಾಗುತ್ತದೆ.

ಸ್ಕ್ಯಾನರ್ ಬಗ್ಗೆಯೂ ಒಂದು ಮಾತು. ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಸೆನ್ಸರ್ ಇರುತ್ತದೆ. ಅದು ಗಾಜಿಗೆ ಅಂಟಿಕೊಂಡಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ನೀರು ಕುಡಿದು ಅಲೆಅಲೆಯಾದ ಕಾಗದ ಮಬ್ಬಾಗುತ್ತದೆ. ಸಿಸಿಡಿ ಸೆನ್ಸರ್ ಇರುವ ದಪ್ಪ ಸ್ಕ್ಯಾನರ್ ಇದ್ದರೆ ಆ ತೊಂದರೆ ಕಡಿಮೆ. ಇನ್ನೊಂದು, ಸ್ಕ್ಯಾನರ್ ಬೆಳಕು ಒಂದು ಪಕ್ಕದಿಂದ ಬೀಳುವುದರಿಂದ ಒರಟು ಕಾಗದದ ಪ್ರತಿ ಗುಳಿಗೂ ನೆರಳು ಬೀಳುತ್ತದೆ. ಹಾಳೆಯನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿರುಗಿಸಿ, ಮೊದಲನೆಯದರ ಮೇಲೆ 50% ಪಾರದರ್ಶಕತೆಯಲ್ಲಿ ಇಟ್ಟರೆ ಎರಡು ಕಡೆಯ ನೆರಳು ಒಂದನ್ನೊಂದು ತಗ್ಗಿಸುತ್ತವೆ.


ಮಸಿಕುಡಿಕೆ:

ನೀರುಬಣ್ಣ ಅವರೇ, ನಿಮ್ಮ ಮಾತು ಸರಿಯಾಗಿದೆ. ನಾನು ಗೆರೆ ಇಲ್ಲಿ, ಬಣ್ಣ ಅಲ್ಲಿ ಅಂತ ಗಡಿ ಹಾಕಿದ್ದೆ. ನೀವು ಹೇಳಿದ ಮೇಲೆ ಗಡಿ ಬೇರೆ ಕಡೆ ಇದೆ ಅನಿಸುತ್ತಿದೆ. ಕಾಗದ ಮತ್ತು ಕೈ ಸೇರಿ ಮಾಡುವುದೆಲ್ಲ ಕಾಗದದಲ್ಲಿ ಆಗಲಿ. ಹೋಲಿಸಿ ಆರಿಸುವುದೆಲ್ಲ ಪರದೆಯಲ್ಲಿ ಆಗಲಿ. ಯಾವ ಬಣ್ಣ, ಎಷ್ಟು ಗಾಢ ಅನ್ನುವುದು ಆಯ್ಕೆ. ಅದು ಹೇಗೆ ಒಣಗಿತು ಅನ್ನುವುದು ಕಾಗದದ ಕೆಲಸ. ಮುಂದಿನ ಚಿತ್ರಕ್ಕೆ ನೆರಳಿನ ಹಾಳೆಯನ್ನಾದರೂ ನಿಮ್ಮ ರೀತಿ ಮಾಡಬೇಕು ಅಂತಿದ್ದೇನೆ.


ಪದರಪದರ:

ನನ್ನದು ನಿಮ್ಮೆಲ್ಲರಿಗೂ ಉಲ್ಟಾ ದಾರಿ. ರಫ್ ಟ್ಯಾಬ್ಲೆಟ್‌ನಲ್ಲಿ, ಗೆರೆ ಕಾಗದದಲ್ಲಿ.

ರಫ್ ಹಂತದಲ್ಲಿ ಬದಲಾವಣೆ ಜಾಸ್ತಿ. ತಲೆ ದೊಡ್ಡದಾಯಿತು, ಕೈ ಗಿಡ್ಡ ಆಯಿತು, ಇಬ್ಬರ ನಡುವೆ ಜಾಗ ಸಾಲದು. ಕಾಗದದಲ್ಲಿ ಅದನ್ನೆಲ್ಲ ಉಜ್ಜಿ ಉಜ್ಜಿ ಹಾಳೆ ಸವೆದುಹೋಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಆರಿಸಿ ಚಿಕ್ಕದು ಮಾಡಿದರೆ ಮುಗಿಯಿತು. ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ಓರೆಯಾದ ಮುಖ ತಕ್ಷಣ ಕಣ್ಣಿಗೆ ಬೀಳುತ್ತದೆ.

ರಫ್ ಸರಿಹೋದ ಮೇಲೆ ಅದನ್ನು ತಿಳಿ ಸಯಾನ್ (ಹಸಿರು ಕಲೆತ ನೀಲಿ) ಬಣ್ಣಕ್ಕೆ ಬದಲಿಸಿ ದಪ್ಪ ನುಣುಪು ಹಾಳೆಯ ಮೇಲೆ ಪ್ರಿಂಟ್ ತೆಗೆಯುತ್ತೇನೆ. 15ರಿಂದ 20% ಗಾಢತೆ ಸಾಕು. ನನ್ನ ಕಣ್ಣಿಗೆ ಕಾಣಬೇಕು ಅಷ್ಟೇ. ಅದರ ಮೇಲೆ ಮಸಿ. ಸ್ಕ್ಯಾನ್ ಆದ ಮೇಲೆ ಮೊದಲ ಪೋಸ್ಟ್‌ನಲ್ಲಿ ಹೇಳಿದ ಹಾಗೆ ನೀಲಿ ಚಾನೆಲ್ ಮಾತ್ರ ತೆಗೆದುಕೊಂಡರೆ ಪ್ರಿಂಟ್ ಆದ ರಫ್ ಮಾಯ.

ಪ್ರಿಂಟರ್ ವಿಷಯದಲ್ಲಿ ಎಚ್ಚರ. ಡೈ ಇಂಕ್ ಇರುವ ಇಂಕ್‌ಜೆಟ್ ಪ್ರಿಂಟ್ ಒದ್ದೆಯಾದರೆ ಹರಡುತ್ತದೆ, ಅದರ ಮೇಲೆ ಬ್ರಷ್‌ನಲ್ಲಿ ತೆಳು ವಾಶ್ ಹಾಕಿದರೆ ನೀಲಿ ಕದಡಿ ಬರುತ್ತದೆ. ಪಿಗ್ಮೆಂಟ್ ಇಂಕ್ ಆದರೆ ಗಟ್ಟಿ. ಲೇಸರ್ ಪ್ರಿಂಟ್ ನೀರಿಗೆ ಹೆದರುವುದಿಲ್ಲ, ಆದರೆ ಟೋನರ್ ಪ್ಲಾಸ್ಟಿಕ್ ಆದ್ದರಿಂದ ಅದು ದಪ್ಪ ಇದ್ದ ಕಡೆ ಮಸಿ ಕೂರಲು ಹಿಂಜರಿಯುತ್ತದೆ. ಹಾಳೆ ದಪ್ಪ ಇದ್ದರೆ, ಹಿಂದಿನಿಂದ ಹಾಕಿ ನೇರ ಹೊರಗೆ ಬರುವ ದಾರಿ ಇರುವ ಪ್ರಿಂಟರ್ ಬೇಕು. ಒಳಗೆ ಸುತ್ತಿ ಬರುವ ಪ್ರಿಂಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.


ಗಾಜಿನಪರದೆ:

ಎಲ್ಲರ ಶ್ರಮಕ್ಕೂ ಗೌರವ ಇದೆ. ಆದರೂ ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತೇನೆ. ಈಗಿನ ಪೆನ್ ಟ್ಯಾಬ್ಲೆಟ್‌ಗಳಲ್ಲಿ 8192 ಹಂತದ ಒತ್ತಡ ಗ್ರಹಿಕೆ ಇದೆ. ಕಾಗದದ ಹಾಗೆ ಒರಟಾಗಿರುವ ಫಿಲ್ಮ್ ಪರದೆಗೆ ಅಂಟಿಸಬಹುದು. ಪೆನ್ಸಿಲ್, ನಿಬ್, ಒಣ ಬ್ರಷ್ ಎಲ್ಲದರ ಡಿಜಿಟಲ್ ಬ್ರಷ್‌ಗಳೂ ಇವೆ. ನಾನು ಗಡುವು ಇಟ್ಟುಕೊಂಡು ಕೆಲಸ ಮಾಡುವವನು. ಕೆಲಸ ಕೊಟ್ಟವರು ಕೊನೆಯ ಗಳಿಗೆಯಲ್ಲಿ ಪಾತ್ರದ ಕೈ ಮೇಲೆತ್ತಿ ಅಂದರೆ ಎತ್ತಲೇಬೇಕು. ಬಿಡಿಸಿ, ಒಣಗಿಸಿ, ಸ್ಕ್ಯಾನ್ ಮಾಡಿ, ಶುಚಿ ಮಾಡುವ ಹೊತ್ತಿಗೆ ಪರದೆಯಲ್ಲಿ ಚಿತ್ರವೇ ಮುಗಿದಿರುತ್ತದೆ. ಎರಡೆರಡು ಕೆಲಸ ಯಾಕೆ?


ಮಸಿಕುಡಿಕೆ:

ಗಾಜಿನಪರದೆ ಅವರೇ, ಕೊನೆಯ ಗಳಿಗೆ ಬದಲಾವಣೆ ಇರುವ ಕೆಲಸಕ್ಕೆ ನಿಮ್ಮ ದಾರಿಯೇ ಸರಿ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒತ್ತಡದ ಹಂತಗಳು ಎಷ್ಟಿದ್ದರೂ ಅವು ಒತ್ತಡವನ್ನು ಮಾತ್ರ ಅಳೆಯುತ್ತವೆ.

ಅದ್ದಿ ಬರೆಯುವ ಲೋಹದ ನಿಬ್ ತೆಗೆದುಕೊಳ್ಳಿ. ಅದರ ತುದಿ ಎರಡಾಗಿ ಸೀಳಿರುತ್ತದೆ. ನಮ್ಮ ಕಡೆಗೆ ಎಳೆದರೆ ಸೀಳು ಬಿಚ್ಚಿಕೊಂಡು ಗೆರೆ ದಪ್ಪ ಆಗುತ್ತದೆ. ಮುಂದಕ್ಕೆ ತಳ್ಳಿದರೆ ಕಾಗದಕ್ಕೆ ಚುಚ್ಚಿಕೊಂಡು ಮಸಿ ಚಿಮ್ಮುತ್ತದೆ. ಹಾಗಾಗಿ ನಿಬ್ ಹಿಡಿದವರು ಹಾಳೆಯನ್ನು ತಿರುಗಿಸುತ್ತಾ ತಿರುಗಿಸುತ್ತಾ, ಪ್ರತಿ ಗೆರೆಯನ್ನೂ ಎಳೆಯುವ ದಿಕ್ಕಿಗೆ ತಂದುಕೊಳ್ಳುತ್ತಾರೆ. ಕೆನ್ನೆಯ ಬಾಗು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಿಬ್ ಕೂಡ ತೀರ್ಮಾನಿಸುತ್ತದೆ. ಸ್ಟೈಲಸ್ ಎಲ್ಲ ದಿಕ್ಕಿಗೂ ಒಂದೇ ಥರ ಓಡುತ್ತದೆ, ಯಾವ ದಿಕ್ಕನ್ನೂ ಬೇಡ ಅನ್ನುವುದಿಲ್ಲ. ಬ್ರಷ್‌ನ ಚಿತ್ರಣ ಎಷ್ಟೇ ಚೆನ್ನಾಗಿದ್ದರೂ ಆ ಬೇಡ ಅನ್ನುವುದು ಅದರಲ್ಲಿ ಬರುವುದಿಲ್ಲ.

ಎರಡನೆಯದು ಝೂಮ್. ಕಾಗದದಲ್ಲಿ ಇಡೀ ಪುಟ ಯಾವಾಗಲೂ ಕಣ್ಣ ಮುಂದೆ ಇರುತ್ತದೆ. ಪರದೆಯಲ್ಲಿ ಕಣ್ಣು ಬಿಡಿಸುವಾಗ ಕಣ್ಣೊಂದೇ ಪರದೆ ತುಂಬ. ಮೊಣಕಾಲು ಬಿಡಿಸುವಾಗ ಬೇರೆ ಝೂಮ್. ಎಲ್ಲ ಮುಗಿದು ಹಿಂದೆ ಬಂದು ನೋಡಿದರೆ ಒಂದೊಂದು ಕಡೆ ಗೆರೆಯ ದಪ್ಪ ಒಂದೊಂದು ಥರ ಇರುತ್ತದೆ.

ಇನ್ನೊಂದು ವಿಷಯ. ಕೈಯ ಗೆರೆ ಮತ್ತು ಯಂತ್ರ ಸೇರುವುದು ಹೊಸದಲ್ಲ. ಡಿಸ್ನಿ ಸ್ಟುಡಿಯೊದಲ್ಲಿ ಮೊದಲು ಅನಿಮೇಟರ್‌ಗಳ ಪೆನ್ಸಿಲ್ ಗೆರೆಯನ್ನು ಬೇರೆಯವರು ಪಾರದರ್ಶಕ ಸೆಲ್ (ಪ್ಲಾಸ್ಟಿಕ್ ಹಾಳೆ) ಮೇಲೆ ಮಸಿಯಲ್ಲಿ ತಿದ್ದುತ್ತಿದ್ದರು. 1961ರ ಹೊತ್ತಿಗೆ ಜೆರಾಕ್ಸ್ ತಂತ್ರದಿಂದ ಪೆನ್ಸಿಲ್ ಗೆರೆಯೇ ನೇರ ಸೆಲ್ ಮೇಲೆ ಬರತೊಡಗಿತು. ಗೆರೆ ಒರಟಾಯಿತು, ಆದರೆ ಬಿಡಿಸಿದವರ ಕೈ ಮೊದಲ ಸಲ ಹಾಗೇ ಪರದೆಗೆ ಬಂತು. 1990ರಲ್ಲಿ ಅದೇ ಸ್ಟುಡಿಯೊ ಒಂದು ಪೂರ್ತಿ ಚಿತ್ರಕ್ಕೆ ಕಂಪ್ಯೂಟರಿನಲ್ಲೇ ಬಣ್ಣ ತುಂಬಿತು. ಆಗಲೂ ಗೆರೆ ಎಳೆದದ್ದು ಕಾಗದದ ಮೇಲೆಯೇ. ಬದುಕಿನ ಬಹುಪಾಲು ಕಾಗದ, ಕ್ಯಾನ್ವಾಸ್‌ನಲ್ಲಿ ಕೆಲಸ ಮಾಡಿದ ಬ್ರಿಟಿಷ್ ಚಿತ್ರಗಾರ ಡೇವಿಡ್ ಹಾಕ್ನಿ 70 ದಾಟಿದ ಮೇಲೆ, 2009ರಲ್ಲಿ ಐಫೋನ್‌ನಲ್ಲಿಯೂ 2010ರಲ್ಲಿ ಐಪ್ಯಾಡ್‌ನಲ್ಲಿಯೂ ಚಿತ್ರ ಬಿಡಿಸಿದರು. ಕಾಗದದಲ್ಲಿ ಪಳಗಿದ ಕೈ ಗಾಜಿನ ಮೇಲೂ ಗುರುತು ಸಿಗುತ್ತದೆ.


ಗಾಜಿನಪರದೆ:

ದಿಕ್ಕಿನ ಮಾತು ನಾನು ಯೋಚಿಸಿಯೇ ಇರಲಿಲ್ಲ. ಝೂಮ್ ವಿಷಯ ನೂರಕ್ಕೆ ನೂರು ನಿಜ. ನಾನು ಈಗ ಇಡೀ ಚಿತ್ರ ಕಾಣುವ ಇನ್ನೊಂದು ಚಿಕ್ಕ ಕಿಟಕಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬಿಡಿಸುತ್ತೇನೆ, ಗೆರೆ ಎಳೆಯುವಾಗ ಬ್ರಷ್ ಅಳತೆ ಬದಲಿಸುವುದಿಲ್ಲ. ಪೂರ್ತಿ ಡಿಜಿಟಲ್ ಮಾಡುವವರಿಗೆ ಅದು ಸಹಾಯ ಆಗಬಹುದು. ಮುಖ ಮತ್ತು ಕೈಗಳನ್ನಾದರೂ ಕಾಗದದಲ್ಲಿ ಬಿಡಿಸಿ ತಂದು ಕೂಡಿಸಿ ನೋಡುತ್ತೇನೆ. ಬಟ್ಟೆ, ಹಿನ್ನೆಲೆ ಪರದೆಯಲ್ಲೇ ಇರಲಿ.


ಹೊಸಕೈ:

ಕಿಟಕಿಬೆಳಕು ಅವರೇ, ಡಿವೈಡ್ ಉಪಾಯ ಮಾಡಿದೆ. ಮೂಲೆಯ ಮಬ್ಬು ಹೋಯಿತು, ತುಂಬಾ ಥ್ಯಾಂಕ್ಸ್! ಈಗ ಮುಂದಿನ ತೊಂದರೆ. ಬಕೆಟ್‌ನಲ್ಲಿ (ಗೆರೆಯೊಳಗಿನ ಜಾಗಕ್ಕೆ ಬಣ್ಣ ತುಂಬುವ ಸಾಧನ) ಬಣ್ಣ ಸುರಿದರೆ ಗೆರೆಯ ಪಕ್ಕ ಬೆಳ್ಳಗೆ ಒಂದು ಎಳೆ ಉಳಿಯುತ್ತದೆ. ಗೆರೆ ಎಲ್ಲಾದರೂ ಬಿಟ್ಟಿದ್ದರೆ ಬಣ್ಣ ಹೊರಗೆ ಸೋರಿ ಇಡೀ ಪುಟ ತುಂಬುತ್ತದೆ.


ಪದರಪದರ:

ಬಿಳಿ ಎಳೆ ಬರಲು ಕಾರಣ, ನೀವು ಗೆರೆಯ ಲೇಯರ್ ಮೇಲೆಯೇ ಸುರಿಯುತ್ತಿರುವುದು. ಗೆರೆಯ ಅಂಚಿನ ಬೂದು ಪಿಕ್ಸೆಲ್‌ಗಳಲ್ಲಿ ಬಕೆಟ್ ನಿಂತುಬಿಡುತ್ತದೆ. ಕೆಳಗೆ ಬೇರೆ ಲೇಯರ್ ಮಾಡಿ, ಗೆರೆಯನ್ನು ನೋಡಿಕೊಂಡು ಕೆಳಗಿನ ಲೇಯರ್‌ನಲ್ಲಿ ತುಂಬು ಅಂತ ಬಕೆಟ್‌ಗೆ ಹೇಳಿ. ಜೊತೆಗೆ ತುಂಬಿದ ಜಾಗವನ್ನು 2-3 ಪಿಕ್ಸೆಲ್ ಹಿಗ್ಗಿಸುವ ಆಯ್ಕೆ ಇರುತ್ತದೆ. ಬಣ್ಣ ಗೆರೆಯ ನಡು ಭಾಗದವರೆಗೂ ಒಳಗೆ ನುಗ್ಗಿರಬೇಕು. ಮೇಲೆ ಮಲ್ಟಿಪ್ಲೈ ಗೆರೆ ಇರುವುದರಿಂದ ಏನೂ ಕಾಣುವುದಿಲ್ಲ.

ಗೆರೆ ಬಿಟ್ಟ ಕಡೆ ಮುಚ್ಚಲು ಮಸಿಗೆ ಕೈ ಹಾಕಬೇಡಿ, ಆ ಬಿಡುವೇ ಚಿತ್ರಕ್ಕೆ ಗಾಳಿ. ಕ್ಲಿಪ್ ಸ್ಟುಡಿಯೊದ ಬಕೆಟ್‌ನಲ್ಲಿ ಸಣ್ಣ ಬಿಡುವನ್ನು ಮುಚ್ಚಿದ ಹಾಗೆ ನೋಡುವ ಆಯ್ಕೆ ಇದೆ. ಕ್ರಿಟಾದಲ್ಲಿ ಕಲರೈಸ್ ಮಾಸ್ಕ್ ಇದೆ, ಪ್ರತಿ ಜಾಗದಲ್ಲೂ ಒಂದು ಗೀಟು ಎಳೆದರೆ ಉಳಿದದ್ದನ್ನು ತಾನೇ ತುಂಬುತ್ತದೆ. ಯಾವುದೂ ಇಲ್ಲದಿದ್ದರೆ ಲಾಸೊದಲ್ಲಿ (ಕೈಯಿಂದ ಗೆರೆ ಎಳೆದು ಜಾಗ ಆರಿಸುವ ಸಾಧನ) ಸುತ್ತು ಹಾಕಿ ತುಂಬಿ. ನಾನು ಹೆಚ್ಚಾಗಿ ಹಾಗೇ ಮಾಡುತ್ತೇನೆ, ಕೈಗೂ ಹಿತ.

ಈ ಮೊದಲ ಬಣ್ಣಗಳಿಗೆ ಅಂಚು ನಯ ಮಾಡುವ ಆಯ್ಕೆಯನ್ನು ಆಫ್ ಮಾಡಿ. ಅಂಚು ಗಡುಸಾಗಿದ್ದರೆ ಆಮೇಲೆ ಮ್ಯಾಜಿಕ್ ವಾಂಡ್‌ನಲ್ಲಿ ಒಂದು ಬಣ್ಣವನ್ನು ಮುಟ್ಟಿದ ಕೂಡಲೇ ಆ ಜಾಗ ಪೂರ್ತಿ ಸಿಗುತ್ತದೆ. ನೆರಳು, ಬೆಳಕು ಎಲ್ಲ ಅದಕ್ಕೆ ಕ್ಲಿಪ್ ಮಾಡಿದ, ಅಂದರೆ ಅದರ ಗಡಿಯೊಳಗೆ ಮಾತ್ರ ಕಾಣುವ, ಬೇರೆ ಲೇಯರ್‌ಗಳಲ್ಲಿ.


ಅಚ್ಚಿನಮನೆ:

ಮುದ್ರಣಕ್ಕೆ ಫೈಲ್ ಸಿದ್ಧ ಮಾಡುವ ಕೆಲಸ ನನ್ನದು. ಇಂಥ ಚಿತ್ರಗಳು ಕೈಗೆ ಬಂದಾಗ ಒಂದು ವಿಷಯಕ್ಕೆ ಯಾವಾಗಲೂ ಹೊಟ್ಟೆ ಉರಿಯುತ್ತದೆ, ಅದನ್ನು ಹೇಳಿಬಿಡುತ್ತೇನೆ.

ಎಲ್ಲ ಲೇಯರ್ ಸೇರಿಸಿ ಒಂದೇ ಮಾಡಿ, ಆರ್‌ಜಿಬಿಯಿಂದ (ಪರದೆಯ ಬಣ್ಣಕ್ರಮ) ಸಿಎಂವೈಕೆಗೆ (ಮುದ್ರಣದ ನಾಲ್ಕು ಇಂಕ್‌ನ ಕ್ರಮ) ಬದಲಿಸಿದರೆ ನಿಮ್ಮ ಕಪ್ಪು ಗೆರೆ ಬರೀ ಕಪ್ಪಾಗಿ ಉಳಿಯುವುದಿಲ್ಲ. ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಇಂಕ್ ಸೇರಿ ಆದ ಕಪ್ಪಾಗುತ್ತದೆ. ಮುದ್ರಣದಲ್ಲಿ ಇಂಕ್‌ಗೆ ಒಂದರಂತೆ ಇರುವ ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಆಚೀಚೆ ಆದರೂ ತೆಳು ಗೆರೆಯ ಪಕ್ಕದಲ್ಲಿ ಕೆಂಪು, ನೀಲಿ ಅಂಚು ಕಾಣುತ್ತದೆ. ಇಷ್ಟು ಜತನದಿಂದ ಎಳೆದ ಗೆರೆ ಅಲ್ಲಿ ಮಸುಕಾಗುತ್ತದೆ. ಅದಕ್ಕೆ ಗೆರೆಯ ಲೇಯರ್ ಬೇರೆಯೇ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಬದಲಿಸಿ, ಗೆರೆಯನ್ನು ಕಪ್ಪು ಪ್ಲೇಟ್‌ನಲ್ಲಿ ಒಂದೇ ಇಂಕ್ ಆಗಿ ಹಾಕಿ, ಕೆಳಗಿನ ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗುವ ಹಾಗೆ ಕೊಡಿ. ಸೀಸದಕಡ್ಡಿ ಅವರ ಹಾಗೆ ಗೆರೆಗೇ ಬಣ್ಣ ಕೊಟ್ಟವರಿಗೆ ಇದು ಸಾಧ್ಯವಿಲ್ಲ. ಅಂಥವರು ತೀರಾ ಸಣ್ಣ ಗೆರೆಗಳನ್ನು ಒಂದೋ ಎರಡೋ ಇಂಕ್‌ನಲ್ಲಿ ಬರುವ ಬಣ್ಣದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಪರದೆಯಲ್ಲಿ ಮಿಂಚುವ ಹಸಿರು, ನೀಲಿಗಳು ಇಂಕ್‌ನಲ್ಲಿ ಬರುವುದಿಲ್ಲ. ಬಣ್ಣ ಶುರು ಮಾಡುವ ಮುಂಚೆಯೇ ಸಾಫ್ಟ್ ಪ್ರೂಫ್ (ಮುದ್ರಣದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವ ಆಯ್ಕೆ) ಆನ್ ಮಾಡಿಕೊಂಡು ಕೂತರೆ ಕೊನೆಯಲ್ಲಿ ಬೇಸರ ಇರುವುದಿಲ್ಲ.


ನೀರುಬಣ್ಣ:

ಅಚ್ಚಿನಮನೆ ಅವರೇ, ವಾಶ್‌ಗಳಿಗೆ ಏನು ಹೇಳುತ್ತೀರಿ? ತೆಳು ಹಳದಿ ವಾಶ್ ಸ್ಕ್ಯಾನ್‌ನಲ್ಲೇ ಅರ್ಧ ಹೋಗಿರುತ್ತದೆ, ಮುದ್ರಣದಲ್ಲಿ ಪೂರ್ತಿ ಹೋಗುತ್ತದೆ.


ಅಚ್ಚಿನಮನೆ:

ಸ್ಕ್ಯಾನರ್‌ನ ತಾನೇ ಸರಿಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಅವು ಕಾಗದವನ್ನು ಬಿಳಿ ಮಾಡುವ ಉತ್ಸಾಹದಲ್ಲಿ ತೆಳು ಹಳದಿಯನ್ನೂ ಕಾಗದ ಅಂದುಕೊಳ್ಳುತ್ತವೆ. 16 ಬಿಟ್‌ನಲ್ಲಿ (ಬಣ್ಣದ ಹಂತಗಳು ಹೆಚ್ಚು ಸಿಗುತ್ತವೆ) ಸ್ಕ್ಯಾನ್ ಮಾಡಿ, ಮಬ್ಬಾಗಿ ಬಂದರೂ ಪರವಾಗಿಲ್ಲ, ಕರ್ವ್ಸ್‌ನಲ್ಲಿ ನಿಧಾನವಾಗಿ ಎತ್ತಿ. ಮೂಲ ಹಾಳೆಯನ್ನು ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದುಕೊಂಡೇ ಹಳದಿಯನ್ನು ಹೊಂದಿಸಿ. ಫ್ಲೋರೊಸೆಂಟ್ ಬಣ್ಣ ಬಳಸಿದ್ದರೆ ಮಾತ್ರ ಅದು ಸ್ಕ್ಯಾನರ್‌ಗೂ ಸಿಗುವುದಿಲ್ಲ, ನಾಲ್ಕು ಇಂಕ್‌ಗೂ ಸಿಗುವುದಿಲ್ಲ.

ಮತ್ತೆ, ಎಲ್ಲರಿಗೂ: ಏನೂ ತಿದ್ದದ ಮೊದಲ ಸ್ಕ್ಯಾನ್ ಫೈಲನ್ನು ಬೇರೆ ಕಡೆ ಹಾಗೇ ಇಟ್ಟಿರಿ. ಕೆಲಸದ ಫೈಲ್ ಅದರ ಪ್ರತಿ ಆಗಿರಲಿ.


ಮಸಿಕುಡಿಕೆ:

ಕಪ್ಪು ಪ್ಲೇಟ್ ವಿಷಯಕ್ಕೆ ವಿಶೇಷ ಧನ್ಯವಾದ, ನನ್ನ ಫೈಲ್‌ಗಳಲ್ಲಿ ಗೆರೆ ಬೇರೆ ಲೇಯರ್‌ನಲ್ಲೇ ಇದೆ, ಹಾಗೇ ಕಳಿಸುತ್ತೇನೆ. ಹೊಸಕೈ ಅವರೇ, ಬಣ್ಣ ತುಂಬಿದ ಮೇಲೆ ಇಲ್ಲಿ ಹಾಕಿ. ಬರೀ ಗೆರೆಯ ಲೇಯರನ್ನೂ ಬೇರೆಯಾಗಿ ಹಾಕಿ, ತುದಿಗಳು ಉಳಿದಿವೆಯಾ ಅಂತ ಒಟ್ಟಿಗೆ ನೋಡೋಣ.